ಜರ್ಬೆರಾ ನಾಲ್ಕೇ ದಿನಕ್ಕೆ ಕತ್ತು ಬಗ್ಗಿಸುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪಾಲಿಹೌಸ್ ಹೊಸಬ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದೊಂದು ಅರ್ಧ ಎಕರೆ ಪಾಲಿಹೌಸ್ ಇದೆ. ಮೊದಲು ಕ್ಯಾಪ್ಸಿಕಂ ಹಾಕುತ್ತಿದ್ದೆವು, ಹೋದ ವರ್ಷದಿಂದ ಜರ್ಬೆರಾ. ಗಿಡ ಚೆನ್ನಾಗಿದೆ, ಹೂವಿನ ಗಾತ್ರ, ಬಣ್ಣ ಎಲ್ಲಾ ಸರಿ, ಪಕ್ಕದ ತೋಟದವರು ಬಂದು ನೋಡಿ ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳಿ. ತೊಂದರೆ ಶುರುವಾಗುವುದು ಕಿತ್ತ ಮೇಲೆ.

ನಾವು ಮಾಡುವುದು ಹೀಗೆ. ಕೆಲಸದವರು ಬರುವುದು ಒಂಬತ್ತೂವರೆಗೆ, ಹತ್ತರಿಂದ ಹನ್ನೆರಡರ ತನಕ ಕಟಾವು. ಕತ್ತರಿಯಲ್ಲಿ ಕತ್ತರಿಸಿ ಬಕೆಟ್‌ಗೆ ಹಾಕುತ್ತೇವೆ, ಬೋರ್‌ವೆಲ್ ನೀರು ಅರ್ಧ ಬಕೆಟ್ ಇರುತ್ತದೆ. ಮಧ್ಯಾಹ್ನ ಪ್ರತಿ ಹೂವಿಗೂ ಪ್ಲಾಸ್ಟಿಕ್ ಕವರ್ ಹಾಕಿ, ಹತ್ತರ ಬಂಚ್ ಕಟ್ಟಿ, ಡಬ್ಬದಲ್ಲಿ ಮಲಗಿಸಿ ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಹಾಕುತ್ತೇವೆ. ಬೆಳಗ್ಗೆ ಅಲ್ಲಿ ತಲುಪುತ್ತದೆ. ಅಲ್ಲಿನ ವ್ಯಾಪಾರಿ ಫೋನ್ ಮಾಡಿ ಬೈಯುವುದು ಒಂದೇ ವಿಷಯಕ್ಕೆ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ತಲೆಯ ಕೆಳಗೆ ಒಂದು ಗೇಣಿನಷ್ಟರಲ್ಲಿ ಕಡ್ಡಿ ಮಡಚಿಕೊಂಡು ಬಿಡುತ್ತದೆ. ಹೂವಿನ ಎಸಳು ಇನ್ನೂ ಫ್ರೆಶ್ ಆಗಿರುತ್ತದೆ, ಕತ್ತು ಮಾತ್ರ ಬಿದ್ದಿರುತ್ತದೆ. ಈಗ ಬಂಚ್‌ಗೆ ಎಲ್ಲರಿಗಿಂತ ಕಡಿಮೆ ರೇಟು ಹಾಕುತ್ತಿದ್ದಾರೆ.

ಗೊಬ್ಬರದ ಅಂಗಡಿಯವರು ಹೂವಿಗೆ ಟಾನಿಕ್ ಅಂತ ಒಂದು ಬಾಟಲಿ ಕೊಟ್ಟರು. ಹದಿನೈದು ದಿನ ಬಕೆಟ್‌ಗೆ ಹಾಕಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ, ನೀರು ಮಾತ್ರ ಇನ್ನೂ ಬೇಗ ಲೋಳೆ ಆಗುತ್ತಿದೆ. ಕೋಲ್ಡ್ ರೂಮ್ ಹಾಕಿಸುವಷ್ಟು ಶಕ್ತಿ ಸದ್ಯಕ್ಕೆ ಇಲ್ಲ. ಬೇರೆ ಯಾವ ಔಷಧಿ ಹಾಕಬೇಕು, ಗೊತ್ತಿದ್ದವರು ಹೇಳಿ.

ಬಾಳೆಕಾಯಿ ಬಜ್ಜಿ

ಬ್ರೋ, ಒಂದು ಆಸ್ಪಿರಿನ್ ಮಾತ್ರೆ ಹಾಕಿ ನೋಡಿ, ಇಲ್ಲಾಂದ್ರೆ ತಾಮ್ರದ ಕಾಸು. ನಮ್ಮ ಅತ್ತೆ ಮನೆಯಲ್ಲಿ ಹಾಗೇ ಮಾಡುವುದು. ಅಂದ ಹಾಗೆ ನಿಮ್ಮ ಶೆಡ್ಡಿನಲ್ಲಿ ಬಾಳೆಗೊನೆ, ಮಾವಿನಹಣ್ಣು ಏನಾದರೂ ಇಟ್ಟಿದ್ದೀರಾ? ಹಣ್ಣಿನಿಂದ ಒಂದು ಗ್ಯಾಸ್ ಬರುತ್ತದಂತೆ, ಹೂವಿಗೆ ಅದೇ ವಿಷ ಅಂತ ಎಲ್ಲೋ ಓದಿದ್ದೆ.

ಹತ್ತು ವರ್ಷ ಪ್ಯಾಕ್‌ಹೌಸ್

ಹೊಸಬರೇ, ದೊಡ್ಡಬಳ್ಳಾಪುರದ ಕಡೆ ಒಂದು ಎಕ್ಸ್‌ಪೋರ್ಟ್ ಫಾರಂನಲ್ಲಿ ಹತ್ತು ವರ್ಷ ಹೂವು ಪ್ಯಾಕ್ ಮಾಡಿಸಿದವನು ನಾನು. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಿಮಗೆ ಬೇಕಿರುವುದು ಔಷಧಿ ಅಲ್ಲ. ಬ್ರಷ್ಷು, ಸೋಪಿನ ಪುಡಿ.

ಬೇಜಾರು ಮಾಡಿಕೊಳ್ಳಬೇಡಿ. ಆ ಬಕೆಟ್ ಕೊನೆಯ ಸಲ ಯಾವಾಗ ಉಜ್ಜಿ ತೊಳೆದಿರಿ? ಒಳಗೆ ಬೆರಳಾಡಿಸಿ ನೋಡಿ, ಜಾರಿದರೆ ಅದು ಬ್ಯಾಕ್ಟೀರಿಯಾ. ಹೂವಿನ ಕಡ್ಡಿ ನೀರೆಳೆಯುವ ಸಣ್ಣ ಸಣ್ಣ ಕೊಳವೆಗಳ ಬಾಯಿಗೆ ಆ ಲೋಳೆ ಹೋಗಿ ಕೂರುತ್ತದೆ. ಹೂವು ಬಕೆಟ್ ತುಂಬಾ ನೀರಿನಲ್ಲಿ ನಿಂತಿದ್ದರೂ ಬಾಯಾರಿ ಸಾಯುತ್ತದೆ. ಜರ್ಬೆರಾಗೆ ಗುಲಾಬಿಯ ಹಾಗೆ ಗಟ್ಟಿ ಕಡ್ಡಿ ಇಲ್ಲ, ಒಳಗೆ ಪೊಳ್ಳು, ನೀರು ತುಂಬಿಕೊಂಡಿದ್ದರೆ ಮಾತ್ರ ನೆಟ್ಟಗೆ ನಿಲ್ಲುವುದು. ನೀರು ನಿಂತಿತು ಅಂದರೆ ಮೇಲಿನ ಎಳೆಯ ಭಾಗ ತಲೆಯ ಭಾರಕ್ಕೆ ಮಡಚಿಕೊಳ್ಳುತ್ತದೆ. ನೀವು ಹೇಳಿದ ಗೇಣಿನ ಲೆಕ್ಕ ಸರಿಯಾಗಿ ಅದೇ ಜಾಗ.

ಟಾನಿಕ್ ಹಾಕಿದ ಮೇಲೆ ಲೋಳೆ ಜಾಸ್ತಿ ಆಯಿತು ಅಂದಿರಲ್ಲ, ಅದರಲ್ಲಿ ಸಕ್ಕರೆ ಅಂಶ ಇರಬಹುದು. ಕೊಳಕು ಬಕೆಟ್‌ಗೆ ಸಕ್ಕರೆ ಹಾಕಿದರೆ ಊಟ ಬ್ಯಾಕ್ಟೀರಿಯಾಗೆ, ಹೂವಿಗಲ್ಲ.

ಇನ್ನೊಂದು ತಪ್ಪು, ಇದು ದೊಡ್ಡದು. ಜರ್ಬೆರಾ ಕತ್ತರಿಸಬಾರದು, ಕೀಳಬೇಕು. ಕಡ್ಡಿಯ ಬುಡದ ಹತ್ತಿರ ಹಿಡಿದು, ಪಕ್ಕಕ್ಕೆ ಬಗ್ಗಿಸಿ, ಸ್ವಲ್ಪ ತಿರುಚಿ ಎಳೆದರೆ ಪಟ್ ಅಂತ ಬುಡ ಸಮೇತ ಬರುತ್ತದೆ. ಕತ್ತರಿಸಿದರೆ ಉಳಿದ ಮೋಟು ಗಿಡದಲ್ಲೇ ಕೊಳೆತು, ಆ ಕೊಳೆ ಗಿಡದ ಬುಡಕ್ಕೆ ಇಳಿಯುತ್ತದೆ. ಜೊತೆಗೆ ಕತ್ತರಿಯೇ ಒಂದು ಗಿಡದ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತದೆ.

ಕಿತ್ತ ಮೇಲೆ ಬುಡದ ಎರಡು ಮೂರು ಸೆಂಟಿಮೀಟರ್ ಮಾತ್ರ ಹರಿತ ಚಾಕುವಿನಲ್ಲಿ ಓರೆಯಾಗಿ ಕೊಯ್ಯಬೇಕು. ಆ ಬುಡದ ತುಂಡು ಗಟ್ಟಿ ನಾರಿನ ಹಾಗಿರುತ್ತದೆ, ಅದರ ಮೂಲಕ ನೀರು ಸರಿಯಾಗಿ ಏರುವುದಿಲ್ಲ. ಕೀಳುವುದೂ ಬೇಕು, ಆಮೇಲೆ ಕೊಯ್ಯುವುದೂ ಬೇಕು. ಎರಡು ಕೆಲಸ ಯಾಕೆ ಅಂತ ನಮ್ಮ ಹುಡುಗರೂ ಮೊದಲು ಗೊಣಗುತ್ತಿದ್ದರು.

ಇನ್ನು ಅರ್ಧ ಬಕೆಟ್ ನೀರು ಯಾಕೆ? ಜರ್ಬೆರಾ ಕಡ್ಡಿಯ ಮೇಲೆ ರೋಮ ಇದೆ, ಮುಳುಗಿದಷ್ಟೂ ಕೊಳೆಯುತ್ತದೆ. ನಾಲ್ಕು ಬೆರಳು ನೀರು ಸಾಕು.

ಆಸ್ಪಿರಿನ್, ತಾಮ್ರದ ಕಾಸು, ಇವುಗಳ ಬಗ್ಗೆ ಏನೂ ಹೇಳುವುದಿಲ್ಲ. ಹಾಕಿ ಖುಷಿ ಪಡುವವರು ಪಡಲಿ.

ತೋಟಗಾರಿಕೆ ವಿದ್ಯಾರ್ಥಿನಿ

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುತ್ತಿದ್ದೇನೆ, ಗೊತ್ತಿರುವಷ್ಟು ಸೇರಿಸುತ್ತೇನೆ.

ಬಜ್ಜಿ ಅವರೇ, ನೀವು ಹೇಳಿದ ಗ್ಯಾಸ್ ಎಥಿಲಿನ್. ಮಾತು ಸುಳ್ಳಲ್ಲ, ಆದರೆ ಎಲ್ಲಾ ಹೂವಿಗೂ ಒಂದೇ ಥರ ತಾಗುವುದಿಲ್ಲ. ಕಾರ್ನೇಷನ್ ಪಕ್ಕ ಮಾಗಿದ ಬಾಳೆಹಣ್ಣು ಇಟ್ಟರೆ ಎಸಳು ಒಳಮುಖವಾಗಿ ಸುರುಳಿ ಸುತ್ತಿಕೊಂಡು ನಿದ್ದೆ ಹೋದ ಹಾಗೆ ಮುಚ್ಚಿಕೊಳ್ಳುತ್ತದೆ. ಆರ್ಕಿಡ್‌ಗೂ ಅಷ್ಟೇ. ಕಾರ್ನೇಷನ್ ಬೆಳೆಯುವವರು ಬೆಳ್ಳಿಯ ಅಂಶ ಇರುವ ದ್ರಾವಣದಲ್ಲಿ ಅದ್ದುವುದು ಆ ಕಾರಣಕ್ಕೇ. ಜರ್ಬೆರಾ ಎಥಿಲಿನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗಂತ ಹೂವಿನ ಕೋಣೆಯಲ್ಲಿ ಮಾವಿನಹಣ್ಣು ಹಣ್ಣು ಮಾಡಿ ಅಂತಲೂ ನಾನು ಹೇಳುತ್ತಿಲ್ಲ.

ಹೊಸಬರೇ, ಹೂವು ಯಾವ ಹಂತದಲ್ಲಿ ಕೀಳುತ್ತೀರಿ ಅಂತ ಬರೆದಿಲ್ಲ. ಜರ್ಬೆರಾ ನಡುವೆ ಬಟ್ಟಲಿನ ಹಾಗಿರುವುದು ನೂರಾರು ಪುಟ್ಟ ಹೂಗಳ ಗುಂಪು. ಅದು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತದೆ. ಹೊರಗಿನ ಎರಡು ಮೂರು ಸುತ್ತಿನಲ್ಲಿ ಪರಾಗದ ಪುಡಿ ಕಾಣಿಸಿದ ಮೇಲೆ ಕೀಳಬೇಕು. ಎಸಳು ಬಿಚ್ಚಿದೆ ಅಂತ ಅದಕ್ಕೂ ಮೊದಲೇ ಕಿತ್ತರೆ ಕಡ್ಡಿಯ ಮೇಲ್ಭಾಗ ಇನ್ನೂ ಬಲಿತಿರುವುದಿಲ್ಲ, ಏನು ಮಾಡಿದರೂ ಬಗ್ಗುತ್ತದೆ. ಗುಲಾಬಿಯದು ಉಲ್ಟಾ, ಅದನ್ನು ಮೊಗ್ಗಿನಲ್ಲೇ ಕೊಯ್ಯುತ್ತಾರೆ. ಸುಗಂಧರಾಜದ ಕಡ್ಡಿಯಲ್ಲಿ ಬುಡದ ಒಂದೆರಡು ಹೂವು ಬಿಚ್ಚಿದಾಗ. ಗುಲಾಬಿ ನೋಡಿದ ಅಭ್ಯಾಸದಲ್ಲಿ ಜರ್ಬೆರಾನೂ ಬೇಗ ಕೀಳುವುದು ಹೊಸ ಬೆಳೆಗಾರರಲ್ಲಿ ತುಂಬಾ ಜನ ಮಾಡುವ ತಪ್ಪು.

ಹತ್ತರಿಂದ ಹನ್ನೆರಡು ಅಂದರೆ ಪಾಲಿಹೌಸ್ ಒಳಗೆ ಆಗಲೇ ಕಾದ ಹಂಚು. ಕಿತ್ತ ಹೂವೂ ಉಸಿರಾಡುತ್ತಿರುತ್ತದೆ, ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನೇ ಸುಟ್ಟುಕೊಂಡು ಬದುಕಿರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡರಿಂದ ಮೂರು ಪಟ್ಟು ಆಗುತ್ತದೆ. ಬೆಳಗ್ಗೆ ಏಳರೊಳಗೆ ಕಿತ್ತರೆ ಗಿಡದಲ್ಲಿ ನೀರೂ ತುಂಬಿರುತ್ತದೆ, ಹೂವೂ ತಂಪಾಗಿರುತ್ತದೆ.

ಕೊನೆಯದಾಗಿ ನೀರು. ನಿಮ್ಮ ಬೋರ್‌ವೆಲ್ ನೀರು ಟೆಸ್ಟ್ ಮಾಡಿಸಿದ್ದೀರಾ? ಚಿಕ್ಕಬಳ್ಳಾಪುರ, ಕೋಲಾರದ ಕಡೆ ಫ್ಲೋರೈಡ್ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಕುಡಿಯುವ ನೀರಿಗೆ ಲೀಟರ್‌ಗೆ 1.5 ಮಿಲಿಗ್ರಾಂ ತನಕ ಇರಬಹುದು ಅಂತಾರೆ. ಜರ್ಬೆರಾ ನಮಗಿಂತ ನಾಜೂಕು, ಕಿತ್ತ ಹೂವಿಗೆ 1 ಮಿಲಿಗ್ರಾಂ ಇದ್ದರೂ ಪೆಟ್ಟು ಬೀಳುತ್ತದೆ. ಗ್ಲಾಡಿಯೋಲಸ್‌ಗೂ ಫ್ಲೋರೈಡ್ ಆಗುವುದಿಲ್ಲ.

ಪಾಲಿಹೌಸ್ ಹೊಸಬ

ಅಯ್ಯೋ, ಇಷ್ಟೊಂದು ತಪ್ಪು ಒಟ್ಟಿಗೇ ಮಾಡುತ್ತಿದ್ದೆ ಅಂತ ಗೊತ್ತಿರಲಿಲ್ಲ. ಬಕೆಟ್ ಒಳಗೆ ಬೆರಳಾಡಿಸಿದೆ ಸರ್. ಜಾರಿತು. ಒಂದರಲ್ಲಿ ಅಲ್ಲ, ಹದಿನಾಲ್ಕರಲ್ಲೂ.

ನೀರು ಟೆಸ್ಟ್ ಮಾಡಿಸಿದ್ದು ಪಾಲಿಹೌಸ್ ಹಾಕುವ ಮೊದಲು, ಪಿಎಚ್ 7.9 ಇತ್ತು, ಫ್ಲೋರೈಡ್ ನೋಡಿಸಿರಲಿಲ್ಲ. ಆದರೆ ನಮ್ಮ ಊರಿನಲ್ಲಿ ಅದೇ ಕಾರಣಕ್ಕೆ ಶುದ್ಧ ಕುಡಿಯುವ ನೀರಿನ ಘಟಕ ಹಾಕಿದ್ದಾರೆ, ನಾವು ಕುಡಿಯುವುದು ಆ ನೀರನ್ನೇ. ಬಕೆಟ್‌ಗೆ ಆ ನೀರು ಹಾಕಬಹುದಾ? ಕ್ಲೋರಿನ್ ಹಾಕಬೇಕು ಅಂತ ಒಬ್ಬರು ಫೋನಿನಲ್ಲಿ ಹೇಳಿದರು, ಎಷ್ಟು? ಬ್ಲೀಚಿಂಗ್ ಪೌಡರ್ ಪಂಚಾಯಿತಿಯವರು ಬಾವಿಗೆ ಹಾಕಿ ಉಳಿದದ್ದು ಮನೆಯಲ್ಲಿ ಒಂದು ಚೀಲ ಇದೆ.

ಹತ್ತು ವರ್ಷ ಪ್ಯಾಕ್‌ಹೌಸ್

ಹದಿನಾಲ್ಕೂ ಜಾರಿತು ಅಂದಿರಲ್ಲ, ನಿಜ ಒಪ್ಪಿಕೊಂಡದ್ದಕ್ಕೇ ಅರ್ಧ ಕೆಲಸ ಮುಗಿಯಿತು ನೋಡಿ.

ಘಟಕದ ನೀರು ಹಾಕಿ, ಅದು ಆರ್‌ಓ ನೀರು, ಒಳ್ಳೆಯದೇ. ನಾಲ್ಕು ಬೆರಳು ಮಾತ್ರ ಬೇಕಾದ್ದರಿಂದ ಹದಿನಾಲ್ಕು ಬಕೆಟ್‌ಗೂ ಎರಡು ಮೂರು ಕ್ಯಾನ್ ಸಾಕು. ಗಿಡಕ್ಕೆ ಆ ನೀರು ಕೊಡಲು ಆಗುವುದಿಲ್ಲ ಬಿಡಿ. ಮಳೆಗಾಲದಲ್ಲಿ ಪಾಲಿಹೌಸ್ ಮಾಡಿನ ನೀರನ್ನು ಹೊಂಡಕ್ಕೆ ಬಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಕ್ಲೋರಿನ್‌ಗೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತೆಗೆದುಕೊಳ್ಳಿ. ಲೇಬಲ್ ಮೇಲೆ 4ರಿಂದ 5 ಪರ್ಸೆಂಟ್ ಅಂತ ಇದ್ದರೆ 10 ಲೀಟರ್ ನೀರಿಗೆ 10 ಎಂಎಲ್. ಸುಮಾರು 40ರಿಂದ 50 ಪಿಪಿಎಂ, ಅಂದರೆ ಲೀಟರ್‌ಗೆ ಅಷ್ಟು ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ, ಅಷ್ಟೇ ಬೇಕಾದದ್ದು. ಅಳತೆ ಮಾಡಿ ಹಾಕಿ, ಕಣ್ಣಂದಾಜು ಬೇಡ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ನಮ್ಮಲ್ಲೊಬ್ಬ ಹುಡುಗ ಎರಡು ಮುಚ್ಚಳ ಸುರಿದು, ಒಂದು ದಿನದ ಹೂವಿನ ಕಡ್ಡಿಯೆಲ್ಲಾ ಬಿಳಿಚಿಕೊಂಡು ಸುಟ್ಟ ಹಾಗಾಗಿತ್ತು. ಮೂರು ನಾಲ್ಕು ಗಂಟೆ ನೆರಳಿನಲ್ಲಿ ಆ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಪ್ಯಾಕ್ ಮಾಡಿ. ನೀರು ದಿನಾ ಹೊಸದಾಗಿ ಮಾಡಬೇಕು. ಬಿಸಿಲಿಗೂ ಕೊಳೆಗೂ ಕ್ಲೋರಿನ್ ಉಳಿಯುವುದಿಲ್ಲ, ನಿನ್ನೆಯ ನೀರು ಬರೀ ನೀರು.

ಬ್ಲೀಚಿಂಗ್ ಪೌಡರ್ ಬಕೆಟ್ ತೊಳೆಯಲು ಬಳಸಿ. ಹೂವಿನ ನೀರಿಗೆ ಬೇಡ, ತಳದಲ್ಲಿ ಸುಣ್ಣ ಕೂರುತ್ತದೆ, ಪಿಎಚ್ ಇನ್ನೂ ಏರುತ್ತದೆ. ಚೀಲ ಹಳೆಯದಾದರೆ ಅದರಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಅಂತ ದೇವರಿಗೇ ಗೊತ್ತು.

ಒಂದು ಎಚ್ಚರಿಕೆ, ಇದು ತಮಾಷೆ ಅಲ್ಲ. ಬಾಟಲಿಯ ಕ್ಲೋರಿನ್ ದ್ರಾವಣಕ್ಕೆ ಸಿಟ್ರಿಕ್ ಆಸಿಡ್ಡು, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ನೇರವಾಗಿ ಬೆರೆಸಬೇಡಿ. ವಿಷದ ಗ್ಯಾಸ್ ಬರುತ್ತದೆ. ಕೆಲಸದವರಿಗೂ ಕರೆದು ಹೇಳಿ.

ಮತ್ತೆ ಹೂವು ನಿಲ್ಲಿಸುವ ಬಗ್ಗೆ. ಬಕೆಟ್‌ಗೆ ಕಟ್ಟು ಕಟ್ಟಾಗಿ ತುರುಕಿದರೆ ಕಡ್ಡಿ ವಾಲಿಕೊಂಡು ಹಾಗೇ ಡೊಂಕಾಗಿ ಬಲಿಯುತ್ತದೆ. ನಾವು ರಟ್ಟಿನ ಹಾಳೆಗೆ ತೂತು ಕೊರೆದು, ತೂತಿಗೊಂದು ಹೂವು ಇಳಿಬಿಟ್ಟು, ತಲೆ ಮೇಲೆ, ಕಡ್ಡಿ ಕೆಳಗೆ ನೀರಿಗೆ ನೇತಾಡುವ ಹಾಗೆ ಇಡುತ್ತಿದ್ದೆವು. ಕಡ್ಡಿ ನೂಲು ಹಿಡಿದ ಹಾಗೆ ನೆಟ್ಟಗೆ ಬರುತ್ತದೆ.

ಮಂಟಪದವನು

ನಾನು ಬೆಂಗಳೂರಿನಲ್ಲಿ ಮದುವೆ ಡೆಕೋರೇಷನ್ ಮಾಡುವವನು, ಕೊಳ್ಳುವವರ ಕಡೆಯಿಂದ ಎರಡು ಮಾತು. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಲ್ಲಿ ಜರ್ಬೆರಾ ಬಂಚ್ ಕೈಗೆ ತೆಗೆದುಕೊಂಡರೆ ನಾನು ಮೊದಲು ನೋಡುವುದು ಹೂವನ್ನಲ್ಲ. ಬುಡ ಮೂಸಿ ನೋಡುತ್ತೇನೆ. ಹುಳಿ ವಾಸನೆ ಬಂದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಕಡ್ಡಿಯನ್ನು ಕೆಳಗೆ ಹಿಡಿದು ಸ್ವಲ್ಪ ಅಲ್ಲಾಡಿಸಿದರೆ ತಲೆ ಗಟ್ಟಿಯಾಗಿ ಆಡಬೇಕು, ಹಗ್ಗದ ತುದಿಯ ಹಾಗೆ ಜೋಲಾಡಬಾರದು. ನಡುವಿನ ಬಟ್ಟಲು ಪೂರ್ತಿ ಹಸಿರಾಗಿ ಮುಚ್ಚಿಕೊಂಡಿದ್ದರೆ ಎಳಸು, ಪೂರ್ತಿ ಪುಡಿ ಉದುರುತ್ತಿದ್ದರೆ ಮುದಿ.

ನಿಮ್ಮ ಪ್ಲಾಸ್ಟಿಕ್ ಕವರ್ ವಿಷಯಕ್ಕೆ ಬಂದರೆ, ಒದ್ದೆ ಹೂವಿಗೆ ಕವರ್ ಹಾಕಬೇಡಿ ಮಾರಾಯರೇ. ಒಳಗೆ ಬೆವರು ಕಟ್ಟಿ, ಡಬ್ಬ ಬಿಚ್ಚುವ ಹೊತ್ತಿಗೆ ಎಸಳಿನ ಮೇಲೆ ಕಂದು ಚುಕ್ಕೆ, ಎರಡನೇ ದಿನಕ್ಕೆ ಬೂದು ಬೂಸ್ಟು. ಮಳೆಗಾಲದಲ್ಲಿ ಹೀಗೆ ಎಷ್ಟು ಹೂವು ಎಸೆದಿದ್ದೇನೋ ಲೆಕ್ಕ ಇಲ್ಲ.

ನಮ್ಮ ಕಡೆಯವರ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಹೂವು ಚುಚ್ಚುವ ಹಸಿರು ಸ್ಪಂಜನ್ನು ಹುಡುಗರು ನೀರಿನಲ್ಲಿ ಒತ್ತಿ ಮುಳುಗಿಸುತ್ತಾರೆ. ಹೊರಗೆ ಒದ್ದೆ, ನಡುವೆ ಗಾಳಿ ಹಾಗೇ ಉಳಿದಿರುತ್ತದೆ. ಅದನ್ನು ನೀರಿನ ಮೇಲೆ ಸುಮ್ನೆ ಬಿಡಬೇಕು, ತಾನಾಗೇ ನೀರು ಕುಡಿದು ಮುಳುಗಬೇಕು. ಒತ್ತಿದ ಸ್ಪಂಜಿಗೆ ಚುಚ್ಚಿದ ಹೂವು ಧಾರೆ ಮುಗಿಯುವ ಮೊದಲೇ ಬಾಡುತ್ತದೆ, ಬೈಗುಳ ಮಾತ್ರ ರೈತನಿಗೆ.

ಮನೆ ಹೂದಾನಿ

ನಡುವೆ ಬಾಯಿ ಹಾಕುತ್ತಿದ್ದೇನೆ, ನಾನು ಬೆಳೆಗಾರ್ತಿ ಅಲ್ಲ. ವಾರಕ್ಕೊಮ್ಮೆ ಗುಲಾಬಿ ತಂದು ಹೂದಾನಿಗೆ ಹಾಕುತ್ತೇನೆ. ಕೆಲವು ಸಲ ಮೊಗ್ಗು ಬಿಚ್ಚುವುದೇ ಇಲ್ಲ, ಮಾರನೇ ದಿನ ಕತ್ತು ಬಿದ್ದಿರುತ್ತದೆ. ಅದನ್ನು ಎತ್ತಿ ನಿಲ್ಲಿಸಲು ಆಗುತ್ತದಾ ಅಥವಾ ಎಸೆಯುವುದೇ? ಸಕ್ಕರೆ ಹಾಕಬೇಕಾ ಬೇಡವಾ?

ತೋಟಗಾರಿಕೆ ವಿದ್ಯಾರ್ಥಿನಿ

ಎಸೆಯಬೇಡಿ ಆಂಟಿ. ತರುವಾಗ ಕಡ್ಡಿ ನೀರಿಲ್ಲದೆ ಇದ್ದಾಗ ಕೊಯ್ದ ಬಾಯಿಯಿಂದ ಗಾಳಿ ಒಳಗೆ ಹೋಗಿ ಸಿಕ್ಕಿಕೊಂಡಿರುತ್ತದೆ, ಅದು ದಾಟಿ ನೀರು ಏರುವುದಿಲ್ಲ. ಬೋಗುಣಿಯಲ್ಲಿ ನೀರು ತುಂಬಿ, ಕಡ್ಡಿಯ ತುದಿ ನೀರಿನೊಳಗೆ ಇರುವಾಗಲೇ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ. ಆಮೇಲೆ ಇಡೀ ಹೂವನ್ನೇ ಒಂದು ಗಂಟೆ ನೀರಿನಲ್ಲಿ ಮಲಗಿಸಿ. ಬಿದ್ದು ಒಂದು ದಿನ ಆಗಿರದಿದ್ದರೆ ಹೆಚ್ಚಿನವು ಎದ್ದು ನಿಲ್ಲುತ್ತವೆ. ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜುವ ಅಭ್ಯಾಸ ಕೆಲವರಿಗಿದೆ, ಅದು ಬೇಡ, ಜಜ್ಜಿದ ಕಡೆ ಕೊಳೆ ಬೇಗ ಹಿಡಿಯುತ್ತದೆ.

ಸಕ್ಕರೆ ಹಾಕಬಹುದು, ಬರೀ ಸಕ್ಕರೆ ಹಾಕಬಾರದು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ. ಸಕ್ಕರೆ ಮೊಗ್ಗು ಬಿಚ್ಚಲು ಶಕ್ತಿ ಕೊಡುತ್ತದೆ, ಹುಳಿ ನೀರು ಕಡ್ಡಿಯಲ್ಲಿ ಸಲೀಸಾಗಿ ಏರುತ್ತದೆ, ಬ್ಯಾಕ್ಟೀರಿಯಾಗೂ ಹುಳಿ ಅಷ್ಟು ಹಿಡಿಸುವುದಿಲ್ಲ. ನೀರಿನೊಳಗೆ ಎಲೆ ಇರಬಾರದು. ದಿನ ಬಿಟ್ಟು ದಿನ ನೀರು ಬದಲಿಸಿ, ಪಾತ್ರೆ ತೊಳೆಯುವ ಸೋಪಿನಲ್ಲೇ ಹೂದಾನಿಯನ್ನೂ ಉಜ್ಜಿ. ಫ್ರಿಡ್ಜ್ ಒಳಗೆ ಇಡುವ ಯೋಚನೆ ಇದ್ದರೆ ಗುಲಾಬಿಗೆ ಸರಿ, ಹಣ್ಣು ಹೊರಗೆ ತೆಗೆದಿಟ್ಟು ಇಡಿ. ಆಂಥೂರಿಯಂ, ಆರ್ಕಿಡ್ ಮಾತ್ರ ಇಡಬೇಡಿ. ಅವು ಬಿಸಿ ನಾಡಿನ ಹೂಗಳು, ಆ ಚಳಿಗೆ ಕಪ್ಪಾಗುತ್ತವೆ.

ಪಾಲಿಹೌಸ್ ಹೊಸಬ

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ.

ಮೊದಲು ಸಣ್ಣ ಪರೀಕ್ಷೆ ಮಾಡಿದೆ. ಒಂದೇ ದಿನ, ಒಂದೇ ಸಾಲಿನಿಂದ ಕೆಂಪು ಹೂವು ಮೂವತ್ತು ಕಿತ್ತು, ಹತ್ತು ಹತ್ತರಂತೆ ಮೂರು ಪಾತ್ರೆಗೆ ಹಾಕಿ ನಮ್ಮ ಹಜಾರದಲ್ಲೇ ಇಟ್ಟೆ. ಒಂದು ಹಳೇ ಬಕೆಟ್, ಬೋರ್‌ವೆಲ್ ನೀರು, ಹಿಂದೆ ಮಾಡುತ್ತಿದ್ದ ಹಾಗೇ. ಎರಡನೆಯದು ತೊಳೆದ ಬಕೆಟ್, ಬೋರ್‌ವೆಲ್ ನೀರು. ಮೂರನೆಯದು ತೊಳೆದ ಬಕೆಟ್, ಘಟಕದ ನೀರು, ಮೊದಲ ನಾಲ್ಕು ಗಂಟೆ ಕ್ಲೋರಿನ್. ಮೊದಲನೆಯದರಲ್ಲಿ ನಾಲ್ಕನೇ ದಿನಕ್ಕೆ ಏಳು ಹೂವು ಬಗ್ಗಿದವು, ಅಂದರೆ ಹೈದರಾಬಾದಿನವರು ಸುಳ್ಳು ಹೇಳುತ್ತಿರಲಿಲ್ಲ. ಎರಡನೆಯದು ಆರನೇ ದಿನದ ತನಕ ಚೆನ್ನಾಗಿತ್ತು, ಆದರೆ ಎಸಳಿನ ತುದಿ ಸ್ವಲ್ಪ ಕಂದಾಯಿತು, ಫ್ಲೋರೈಡೇ ಇರಬೇಕು, ಟೆಸ್ಟಿಗೆ ಕೊಟ್ಟಿದ್ದೇನೆ. ಮೂರನೆಯದರಲ್ಲಿ ಒಂಬತ್ತನೇ ದಿನಕ್ಕೂ ಎಂಟು ನಿಂತಿದ್ದವು. ಹತ್ತನೇ ದಿನ ಅಮ್ಮ ತೆಗೆದು ದೇವರ ಮನೆ ಬಾಗಿಲಿಗೆ ಕಟ್ಟಿಬಿಟ್ಟರು, ಹಾಗಾಗಿ ಲೆಕ್ಕ ಅಲ್ಲಿಗೇ ನಿಂತಿತು.

ಈಗ ಕಟಾವು ಆರೂವರೆಗೆ. ಕೆಲಸದವರು ಅಷ್ಟು ಬೇಗ ಬರುವುದಿಲ್ಲ ಅಂದರು, ಮಧ್ಯಾಹ್ನ ಎರಡಕ್ಕೆ ಬಿಡುತ್ತೇನೆ ಅಂದ ಮೇಲೆ ಒಪ್ಪಿದರು. ಕೀಳುವುದು ಅಭ್ಯಾಸ ಆಗುವ ತನಕ ಒಂದಷ್ಟು ಗಿಡ ಬೇರು ಸಮೇತ ಕೈಗೆ ಬಂದವು, ಅದು ಬೇರೆ ಕಥೆ. ಶೆಡ್ಡಿನ ಪಶ್ಚಿಮಕ್ಕೆ ಗೋಣಿಚೀಲದ ಪರದೆ ಕಟ್ಟಿ ಒದ್ದೆ ಮಾಡುತ್ತಿದ್ದೇನೆ, ಮಧ್ಯಾಹ್ನವೂ ಒಳಗೆ ತಂಪು ಇರುತ್ತದೆ. ಹೈದರಾಬಾದಿನವರು ಇನ್ನೂ ಹೊಗಳಿಲ್ಲ. ಬೈಯುವುದು ನಿಲ್ಲಿಸಿದ್ದಾರೆ, ಹೋದ ವಾರ ರೇಟು ಉಳಿದವರ ಸಮಕ್ಕೆ ಹಾಕಿದರು.

ಬಕೆಟ್ ಉಜ್ಜುವ ಕೆಲಸ ಅಪ್ಪ ತಾವೇ ವಹಿಸಿಕೊಂಡಿದ್ದಾರೆ, ಬೇರೆ ಯಾರು ತೊಳೆದರೂ ಅವರಿಗೆ ಸಮಾಧಾನ ಇಲ್ಲ. ಹಳೆಯವು ಎಷ್ಟು ಉಜ್ಜಿದರೂ ಗೀರಿನ ಒಳಗಿನ ಕೊಳೆ ಹೋಗುತ್ತಿಲ್ಲ, ಹೊಸದು ತರಬೇಕು. ಕಪ್ಪು ಬಕೆಟ್ ಅಗ್ಗಕ್ಕೆ ಸಿಗುತ್ತಿದೆ, ತೆಗೆದುಕೊಳ್ಳಲಾ?

ಹತ್ತು ವರ್ಷ ಪ್ಯಾಕ್‌ಹೌಸ್

ಬೇಡ. ಬಿಳಿಯದೇ ತನ್ನಿ, ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಕಪ್ಪಿನಲ್ಲಿ ಕೊಳೆ ಕಾಣುವುದಿಲ್ಲ. ತೊಳೆದ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿ, ಒಂದರೊಳಗೊಂದು ಒದ್ದೆಯಾಗಿ ಜೋಡಿಸಿ ಇಡಬೇಡಿ. ಅಪ್ಪನಿಗೆ ನಮಸ್ಕಾರ ತಿಳಿಸಿ.